ಮರದ ಬುಡದ ಕಲ್ಲು

ದರ್ಜಿ ಹೆಂಗಸು ಬಂದಾಗ ಅಳತೆಯಮ್ಮ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮೇಲಿನ ಕೋಣೆಯ ಬಾಡಿಗೆದಾರರಾದ ಡ್ರಾಯಿಂಗ್ ಮೇಷ್ಟ್ರು ಎದುರಿಗೆ ಪೆನ್ಸಿಲ್ ಹೆರೆಯುತ್ತಿದ್ದರು. ಸರ್ವೇ ಇಲಾಖೆಯಿಂದ ನಿವೃತ್ತರಾದ ಮೇಲೂ ಅಳತೆಯಮ್ಮ ಊರವರ ತಂಟೆ ತಕರಾರುಗಳನ್ನು ಅಳೆಯುವುದು ಬಿಟ್ಟಿರಲಿಲ್ಲ. ಅವರ ಹಿಂದೆ ತಿರುಗುವುದು ಮೇಷ್ಟ್ರಿಗೆ ಎರಡನೇ ನೌಕರಿಯಾಗಿತ್ತು. ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ.

"ನಮ್ಮಜ್ಜಿ ಸಮಾಧಿ ಕಲ್ಲನ್ನ ಯಾರೋ ಕಿತ್ಕೊಂಡು ಹೋಗಿದಾರೆ," ಎಂದಳು ದರ್ಜಿ. "ಅಮ್ಮ ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ. ಅಜ್ಜಿ ಪಕ್ಕದಲ್ಲೇ ಮಣ್ಣು ಮಾಡಿ ಅಂತ ಒಂದೇ ಹಟ. ಕಲ್ಲಿಲ್ಲದ ಕಡೆ ಅಗೆಯೋಕೆ ಬಿಡಲ್ಲ ಅಂತಾನೆ ಸ್ಮಶಾನದ ಮೇಲ್ವಿಚಾರಕ."

ಹೇಳುತ್ತಾ ಹೇಳುತ್ತಾ ಅವಳ ಮನೆಯ ಕತೆಯೆಲ್ಲ ಹೊರಬಿತ್ತು. ಅಜ್ಜಿ ತೀರಿಕೊಂಡಾಗ ಅಮ್ಮ ದೂರದ ಊರಿನಲ್ಲಿ ಹಸಿ ಬಾಣಂತಿ, ಮಣ್ಣಿಗೂ ಬರಲಾಗಲಿಲ್ಲ. ಎಷ್ಟೋ ವರ್ಷದ ಮೇಲೆ ಈ ಊರಿಗೆ ಬಂದು ನೆಲೆಸಿದಾಗ ಅವಳ ತಮ್ಮನೇ ಕೈಹಿಡಿದು ಕರೆದೊಯ್ದು ಸಮಾಧಿ ತೋರಿಸಿದ. ಅಂದಿನಿಂದ ಹಾಸಿಗೆ ಹಿಡಿಯುವವರೆಗೂ ವಾರ ತಪ್ಪದೆ ಅಮ್ಮ ಸಮಾಧಿಯ ಪಕ್ಕದ ಮರದ ನೆರಳಿನಲ್ಲಿ ಕೂತು ಸತ್ತ ತಾಯಿಗೆ ಮನೆಯ ಸುದ್ದಿ ಹೇಳಿ ಬರುತ್ತಿದ್ದಳು. ಅವಳ ಕೊನೆಯಾಸೆ ಗೊತ್ತಿದ್ದದ್ದು ಮಗಳಿಗೆ, ತಮ್ಮನಿಗೆ, ಅನುಮತಿ ಕೊಡಬೇಕಾದ ಮೇಲ್ವಿಚಾರಕನಿಗೆ.

ಆ ಸ್ಮಶಾನ ಊರೊಳಗಿನ ಇನ್ನೊಂದು ಊರು. ದಾರಿ ತಪ್ಪಿದರೆ ಕೇಳೋಣವೆಂದರೆ ಅಲ್ಲಿನ ನಿವಾಸಿಗಳು ಬಾಯಿ ಬಿಡುವವರಲ್ಲ ಎಂದು ಮೇಷ್ಟ್ರು ಗೊಣಗಿದರು. ಮೇಲ್ವಿಚಾರಕ ಆ ಜಾಗಕ್ಕೆ ಹೊಸಬ. ಹಳೆಯ ದಾಖಲೆಗಳೆಲ್ಲ ನೀರು ನುಗ್ಗಿ ಮುದ್ದೆಯಾಗಿದ್ದವು. ವಾರಸುದಾರರು ನೋಟೀಸಿಗೆ ಓಗೊಡದಿದ್ದರೆ ಹಳೆ ಸಮಾಧಿಗಳನ್ನು ತೆರವು ಮಾಡಿ ಬೇರೆಯವರಿಗೆ ಕೊಡುವುದು ಅಲ್ಲಿನ ಪದ್ಧತಿ. ಕಿತ್ತ ಕಲ್ಲುಗಳನ್ನು ಹಿಂದಿನ ಗೋಡೆಯ ಬದಿಗೆ ರಾಶಿ ಹಾಕುತ್ತಿದ್ದರು. ಮೇಲ್ವಿಚಾರಕನ ಅನುಮಾನವೆಲ್ಲ ಗೇಟಿನ ಬಳಿಯ ಕಲ್ಲುಕುಟಿಗನ ಮೇಲೆ. ಹಳೆ ಕಲ್ಲು ಉಜ್ಜಿ ಹೊಸ ಹೆಸರು ಕೆತ್ತಿ ಮಾರುವುದರಲ್ಲಿ ಅವನು ಎತ್ತಿದ ಕೈಯಂತೆ.

ದರ್ಜಿ ತೋರಿಸಿದ ಮರ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪವಿತ್ತು. ಅದರ ಬುಡದಲ್ಲಿ ಕಲ್ಲು ನಿಂತಿದ್ದ ಗುಂಡಿಯನ್ನು ಯಾರೋ ಮುಚ್ಚಿ, ಕಾಲಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದ್ದರು. ಹೂವಿನ ಕುಂಡ ಒಂದೆಸಳೂ ಉದುರದಂತೆ ಪಕ್ಕಕ್ಕೆ ಸರಿದಿತ್ತು. ಹಾರೆ ಮೀಟಿದ ಗುರುತಿಲ್ಲ. ಹುಲ್ಲಿನ ಮೇಲೆ ಎರಡು ಸಣ್ಣ ಗಾಲಿಗಳ ಗೆರೆ, ತೊಗಟೆಗೆ ಸಿಕ್ಕಿಕೊಂಡ ದಪ್ಪ ನೀಲಿ ಬಟ್ಟೆಯ ಎಳೆ. ಅಳತೆಯಮ್ಮ ಮಣ್ಣು ಕೆದರಿ ಗುಂಡಿಯಿಂದ ಕಲ್ಲಿನ ಚೂರೊಂದನ್ನು ಎತ್ತಿದರು. ಅದು ಬೆರಳಲ್ಲೇ ಪುಡಿಯಾಯಿತು. ಆಮೇಲೆ ಕೊಡೆಯ ಕಬ್ಬಿಣದ ಮೊನೆಯನ್ನು ಅಲ್ಲಿ ಇಲ್ಲಿ ನೆಲಕ್ಕೆ ಚುಚ್ಚಿದರು. ಪ್ರತಿ ಸಲವೂ ಗೇಣುದ್ದ ಇಳಿದು ಟಕ್ಕೆಂದು ನಿಂತಿತು. ಅವರ ಮುಖ ಸಪ್ಪಗಾಯಿತು.

"ಕಳ್ಳ ಸಿಕ್ಕಿದ್ನಾ?" ಎಂದು ಮೇಷ್ಟ್ರು ಕೇಳಿದರು.

"ಕಳ್ಳ ಸಿಕ್ಕಿದ. ಸಿಗಬೇಕಾದ್ದು ಸಿಗಲಿಲ್ಲ ಮೇಷ್ಟ್ರೇ."

ಮರುದಿನ ದರ್ಜಿಯ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಹೊಲಿಗೆ ಯಂತ್ರದ ಪಕ್ಕ ಮೇಲ್ವಿಚಾರಕ, ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡ ಕಲ್ಲುಕುಟಿಗ, ಸ್ಟೂಲಿನ ಮೇಲೆ ದರ್ಜಿಯ ಸೋದರಮಾವ. ಮನೆ ಬದಲಿಸುವವರ ಸಾಮಾನು ಸಾಗಿಸಿ ಸಾಗಿಸಿ ಅವನ ಬೆನ್ನು ಬಾಗಿತ್ತು. ಅಮ್ಮನಿಗೆ ಔಷಧಿ ಕೊಟ್ಟು ಮಲಗಿಸಿದ್ದೇನೆಂದು ದರ್ಜಿ ಹೇಳಿದಳು. ನಡುವೆ ಇದ್ದದ್ದು ಒಂದು ಪರದೆ ಮಾತ್ರ.

ಅಳತೆಯಮ್ಮ ಕಲ್ಲುಕುಟಿಗನಿಂದ ಶುರುಮಾಡಿದರು. ಮುಟ್ಟಿದರೆ ಪುಡಿಯಾಗುವ ಕಲ್ಲು ಅವನಿಗೆ ಯಾತಕ್ಕೂ ಬಾರದು. ಅವನಾಗಿದ್ದರೆ ಹಾರೆ ಹಾಕಿ ಮೀಟುತ್ತಿದ್ದ. ಚಾಕು ಮಸೆಯೋಕೂ ಆಗದ ಕಲ್ಲದು ಎಂದು ಅವನು ಗುರುಗುಟ್ಟಿದ. ಮೇಲ್ವಿಚಾರಕನಿಗೆ ಅನುಮತಿ ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲವೆಂದರೆ ಸಾಕು, ಕದಿಯುವ ಗೋಜೇಕೆ? ಗುಂಡಿ ಮುಚ್ಚಿ, ಹೂಕುಂಡ ಜೋಪಾನ ಮಾಡಿದವನಿಗೆ ಆ ಜಾಗದ ಮೇಲೆ ಮಮತೆಯಿತ್ತು. ಕಲ್ಲಿನ ಅಂಚು ಮುಕ್ಕಾಗದಂತೆ ನೀಲಿ ಹೊದಿಕೆ ಸುತ್ತಿ, ಗಾಲಿ ಬಂಡಿಯಲ್ಲಿ ಸಾಗಿಸುವುದು ಸಾಮಾನು ಸಾಗಿಸುವವರ ಕೈಗೆ ಹತ್ತಿದ ಕಸುಬು.

"ಆ ಹೊದಿಕೆ ನಿಮ್ಮ ಬಂಡೀಲಿದೆ. ಬರೋವಾಗ ನೋಡಿದೆ," ಎಂದು ಅವರು ಸೋದರಮಾವನ ಕಡೆ ತಿರುಗಿದರು.

"ಮಾಮ, ನೀನಾ? ಯಾಕೆ?" ಎಂದಳು ದರ್ಜಿ.

"ಅಗೆದ್ರೆ ಗುಟ್ಟು ಹೊರಬೀಳ್ತಿತ್ತು, ಅದಕ್ಕೆ," ಎಂದರು ಅಳತೆಯಮ್ಮ. "ಅಲ್ಲಿ ಯಾರನ್ನೂ ಹೂತಿಲ್ಲ. ಆ ಮರ ನಿಮ್ಮಜ್ಜಿಗಿಂತ ಹಳೇದು. ಗೇಣುದ್ದ ಇಳಿದ್ರೆ ತೊಡೆಗಾತ್ರದ ಬೇರು. ಅದರೊಳಗೆ ಯಾವ ಕಾಲದಲ್ಲೂ ಯಾರೂ ಗುಂಡಿ ತೋಡಿರೋಕಾಗಲ್ಲ."

ಉಳಿದದ್ದನ್ನು ಸೋದರಮಾವನೇ ಹೇಳಿದ. ತೆರವಿನ ನೋಟೀಸು ಬಂದಾಗ ನಾಳೆ ಹೋದರಾಯಿತು ಎಂದುಕೊಂಡ. ಹೋಗುವ ಹೊತ್ತಿಗೆ ಅಲ್ಲಿ ಬೇರೆಯವರು ಮಲಗಿದ್ದರು. ತಾಯಿಯ ಮೂಳೆ ಯಾವ ಹೊಂಡ ಸೇರಿತೆಂದು ಹೇಳುವವರೇ ಇರಲಿಲ್ಲ. ಅಕ್ಕ ಊರಿಗೆ ಬಂದು, ಸಮಾಧಿ ತೋರಿಸು ಎಂದಾಗ ನಾಳೆ ಎಂದು ಸಾಗಹಾಕಿದ. ಗೋಡೆ ಬದಿಯ ರಾಶಿಯಲ್ಲಿ ತಾಯಿಯ ಕಲ್ಲನ್ನು ಹುಡುಕಿ ತಂದು ಮರದ ಬುಡಕ್ಕೆ ನೆಟ್ಟ. ಆಮೇಲೆ ಅಕ್ಕನ ಕೊನೆಯಾಸೆ ಕಿವಿಗೆ ಬಿತ್ತು. ಕಲ್ಲೇ ಇಲ್ಲದಿದ್ದರೆ ಅಗೆಯುವ ಮಾತೂ ಇಲ್ಲವಲ್ಲ ಎಂದು ಕಿತ್ತುಬಿಟ್ಟ.

ಪರದೆಯ ಆಚೆಯಿಂದ ಮಂಚ ಕಿರುಗುಟ್ಟಿತು. ದರ್ಜಿ ಓಡಿಹೋಗಿ ಪರದೆ ಸರಿಸಿದಳು. ಮುದುಕಿ ಗೋಡೆಗೊರಗಿ ಎದ್ದು ಕೂತಿದ್ದಳು. ಮೇಷ್ಟ್ರಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

"ತಮ್ಮಾ," ಎಂದಳು ಮುದುಕಿ, "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ?"

ಅವನು ಸ್ಟೂಲಿನಿಂದೆದ್ದು ಪರದೆಯ ತನಕ ಬಂದ.

"ನಿನಗೆ ಬಿಸಿಲು ತಾಗಬಾರ್ದು ಅಂತ ಅಲ್ಲಿಟ್ಟೆ ಅಕ್ಕ."

ಅವಳು ಗೋಡೆಯ ಕಡೆ ಮಗ್ಗುಲಾದಳು. ಬದುಕಿದ್ದ ನಾಲ್ಕಾರು ದಿನ ತಮ್ಮನೊಂದಿಗೆ ಮಾತಾಡಲಿಲ್ಲ. ಎಲ್ಲಿ ಮಣ್ಣು ಮಾಡಬೇಕೆಂದೂ ಹೇಳಲಿಲ್ಲ. ಊರಾಚೆಯ ಹೊಸ ಸ್ಮಶಾನದಲ್ಲಿ, ನೆರಳಿಗೆ ಒಂದು ಗಿಡವೂ ಇಲ್ಲದ ಬಯಲಿನಲ್ಲಿ ಅವಳನ್ನು ಮಲಗಿಸಿದರು. ಸೋದರಮಾವ ದೂರದಲ್ಲೇ ನಿಂತಿದ್ದ.

ಕೆಲವು ದಿನ ಬಿಟ್ಟು ಅಳತೆಯಮ್ಮ, ಮೇಷ್ಟ್ರು ಅಂಗಡಿಗೆ ಹೋದರು. ಬಾಗಿಲ ಹಿಂದೆ ನೀಲಿ ಹೊದಿಕೆ ಸುತ್ತಿದ ಕಲ್ಲು ಒರಗಿತ್ತು. ಮಾಮ ಇಳಿಸಿ ಹೋದನಂತೆ. ಅಮ್ಮನ ಪಕ್ಕದಲ್ಲಿ ನೆಡಬಹುದಲ್ಲ ಎಂದು ಮೇಷ್ಟ್ರು ಮೆಲ್ಲಗೆ ಅಂದರು.

"ಅಜ್ಜಿ ಅಲ್ಲಿಲ್ಲ. ಇಲ್ಲದ ಕಡೆ ಇನ್ನೊಂದು ಸಲ ನೆಡಲಾ?" ಎಂದಳು ದರ್ಜಿ. ಆಮೇಲೆ ಅಳತೆಯಮ್ಮನನ್ನು ನೋಡಿದಳು. "ನೀವು ನೆಲ ಅಳೆದವರು. ನೀವೇ ಹೇಳಿ, ಇದನ್ನ ಎಲ್ಲಿಡ್ಲಿ?"

ಅಳತೆಯಮ್ಮ ಕೊಡೆಯ ಮೊನೆಯನ್ನು ನೆಲಕ್ಕೂರಿಕೊಂಡು ಆ ಕಲ್ಲನ್ನೇ ನೋಡುತ್ತಾ ನಿಂತರು.