ಬಾಟಲಿಯ ಮೇಲಿನ ಗೆರೆ

"ಇದಕ್ಕಿಂತ ಜೋರಾಗಿರೋದು ಕೊಡಿ. ಉರಿದ್ರೂ ಪರವಾಗಿಲ್ಲ!"

ಔಷಧಿ ಅಂಗಡಿಯವನ ಕೈ ಕಪಾಟಿನ ಹತ್ತಿರವೇ ನಿಂತುಬಿಟ್ಟಿತು. ಅವನು ತಿರುಗಿ ನೋಡಿದ. ಕೌಂಟರಿನ ಆಚೆ ನಿಂತಿದ್ದವಳ ಮುಖದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಉಳಿದದ್ದನ್ನೆಲ್ಲ ಮಾಸ್ಕ್ ನುಂಗಿತ್ತು.

"ಯಾರಿಗೆ ಮೇಡಂ?"

"ನನಗೇ. ಮೊಡವೆ."

"ಮಾಸ್ಕ್ ಸ್ವಲ್ಪ ತೆಗೀತೀರಾ? ನೋಡಿ ಹೇಳ್ತೀನಿ."

"ಬೇಡ!"

ಆ ಕೂಗಿಗೆ ಪಕ್ಕದಲ್ಲಿ ಕೆಮ್ಮಿನ ಔಷಧಿ ಕೇಳುತ್ತಿದ್ದವರು ಕೆಮ್ಮುವುದನ್ನೇ ಮರೆತರು.

ಅವನು ಬೇಸರಪಟ್ಟುಕೊಳ್ಳಲಿಲ್ಲ. "ಸರಿ, ಬೇಡ. ಮುಖ ತೊಳೆದ ಮೇಲೆ ಹೇಗಿರುತ್ತೆ ಹೇಳಿ."

"ಬಿಗಿದು ಕಟ್ಟಿದ ಹಾಗೆ. ನಕ್ಕರೆ ಬಿರಿಯುತ್ತೇನೋ ಅನ್ನೋ ಹಾಗೆ. ಅಂದ್ರೆ ಚೆನ್ನಾಗಿ ಶುಚಿ ಆಗಿದೆ ಅಂತ ತಾನೆ?"

"ಅಲ್ಲ. ಚರ್ಮಕ್ಕೆ ಪೆಟ್ಟಾಗಿದೆ ಅಂತ."

ಅವಳು ಆರಿಸಿಟ್ಟಿದ್ದ, ಮುಖ ಉಜ್ಜುವ ಸ್ಕ್ರಬ್ಬನ್ನು ಅವನು ಎತ್ತಿ ಒಳಗಿಟ್ಟ. "ಇದರಲ್ಲಿ ಹರಳಿದೆ. ಮೊಡವೆ ಇರೋ ಮುಖಕ್ಕೆ ಇದು ಸ್ಯಾಂಡ್‌ಪೇಪರ್." ಆಮೇಲೆ ಕೆಳಗಿನ ಸಾಲಿನಿಂದ ಫೇಸ್‌ವಾಶಿನ ಒಂದು ಬಿಳಿ ಬಾಟಲಿ ತೆಗೆದ. "ಇದಕ್ಕೆ ಬಣ್ಣ ಇಲ್ಲ, ಪರಿಮಳ ಇಲ್ಲ, ನೊರೆನೂ ಅಷ್ಟಕ್ಕಷ್ಟೆ. ನೋಡೋಕೆ ಪಾಪದ್ದು. ಆದ್ರೆ ನಿಮಗೆ ಬೇಕಾಗಿರೋದು ಇದೇ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಬಟಾಣಿ ಕಾಳಿನಷ್ಟು. ಉಗುರುಬೆಚ್ಚಗಿನ ನೀರು. ಬೆರಳ ತುದೀಲಿ ಸವರಿ, ಉಜ್ಜಬೇಡಿ. ಎರಡು ತಿಂಗಳು ಬರುತ್ತೆ. ಅಷ್ಟರಲ್ಲಿ ಕಡಿಮೆ ಆಗ್ಲಿಲ್ಲ ಅಂದ್ರೆ ಚರ್ಮದ ಡಾಕ್ಟರ್‌ಗೆ ತೋರಿಸಿ."

'ದೊಡ್ಡ ಪಂಡಿತ!' ಎಂದುಕೊಂಡು ಅವಳು ತಲೆಯೆತ್ತಿದಳು. ಆಗ ಕಂಡಿತು. ಅವನ ಎರಡೂ ಕೆನ್ನೆಯ ಮೇಲೆ ಹಳೆಯ ಮೊಡವೆಯ ಗುಳಿಗಳು.

"ನಿಮಗೂ...?"

"ಹತ್ತು ವರ್ಷ. ನಾನೂ ಹೀಗೇ ಉಜ್ಜಿದೆ." ಅವನು ನಕ್ಕ. ಆ ನಗು ಅರ್ಧಕ್ಕೇ ನಿಂತಿತು. ಅವನ ಕಣ್ಣು ಅವಳ ಕಿವಿಯ ಪಕ್ಕದಲ್ಲಿತ್ತು.

"ಅದೇನು ಮೇಡಂ, ಗೀರಿರೋದು?"

ಅವಳು ಮುಟ್ಟಿಕೊಂಡಳು. ಚುರ್ ಎಂದಿತು. ಒಂದರ ಪಕ್ಕ ಒಂದು, ನಾಲ್ಕು ಗೀರು.

"ಬೆಕ್ಕು ಸಾಕಿದೀರಾ?"

"ಇಲ್ಲ."

"ಮನೇಲಿ ಮತ್ಯಾರಿದಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

ಬಾಟಲಿ ತೆಗೆದುಕೊಂಡು ಅವಳು ಬೀದಿಗಿಳಿದಳು. ಬೆನ್ನ ಹಿಂದೆ ಅವನು ಇನ್ನೂ ನೋಡುತ್ತಿದ್ದಾನೆ ಎಂದು ತಿರುಗದೆಯೇ ಗೊತ್ತಾಯಿತು.

ಅವಳದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಎರೆದು, ಮೇಣದ ಮೇಲೆ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡಬೇಕು. ದಿನವೆಲ್ಲ ಬಿಳಿ ದೂಳು, ದಿನವೆಲ್ಲ ಮಾಸ್ಕು. ಮಾಸ್ಕಿನೊಳಗಿನ ಬೆವರಿಗೆ ಮೊಡವೆ ಹೆಚ್ಚಾಗುತ್ತಿತ್ತು, ಮೊಡವೆ ಹೆಚ್ಚಾದಷ್ಟೂ ಮಾಸ್ಕು ಬೇಕೆನಿಸುತ್ತಿತ್ತು. ಅವಳ ಮೇಜಿನ ಮೇಲೆ ಸಾಲಾಗಿ ಕೂತ ಹಲ್ಲಿನ ಸೆಟ್ಟುಗಳು ಮುಖವಿಲ್ಲದೆಯೇ ನಗುತ್ತಿದ್ದವು. ಬೇರೆಯವರಿಗೆ ಮೈ ಜುಮ್ಮೆನ್ನುತ್ತಿತ್ತು. ಅವಳಿಗೆ ಅವೇ ಹಿತ... ಅವು ತಿರುಗಿ ನೋಡುವುದಿಲ್ಲವಲ್ಲ!

ಅವಳಿದ್ದದ್ದು ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಅಲ್ಲಿ ಕನ್ನಡಿ ಇರಲಿಲ್ಲ. ಇದ್ದ ಒಂದನ್ನು ಮೂರು ವರ್ಷದ ಹಿಂದೆಯೇ ಗೋಡೆಗೆ ಮುಖ ಮಾಡಿ ಇಟ್ಟಿದ್ದಳು.

ಮೊದಲ ಸಂಜೆ ಹೇಳಿದ ಹಾಗೆಯೇ ತೊಳೆದಳು. ಉರಿಯಲಿಲ್ಲ, ಬಿಗಿಯಲಿಲ್ಲ. 'ಇಷ್ಟು ಮೆತ್ತಗಿದ್ದರೆ ಏನು ಕೆಲಸ ಮಾಡೀತು?' ಎಂದುಕೊಳ್ಳುತ್ತಲೇ ನಿದ್ದೆ ಹೋದಳು.

ಬೆಳಿಗ್ಗೆ ಎದ್ದಾಗ ಮುಖ ಧಗಧಗ ಉರಿಯುತ್ತಿತ್ತು. ಟವಲ್ ಒದ್ದೆ. ದಿಂಬಿನ ಒಂದು ಮಗ್ಗುಲೂ ಒದ್ದೆ. ಬೆರಳ ತುದಿಗಳು ತುಂಬಾ ಹೊತ್ತು ನೀರಿನಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿದ್ದವು.

ಬೆವರು ಇರಬೇಕು, ಎಂದುಕೊಂಡಳು.

ಒಂಬತ್ತನೇ ದಿನ ಖಾಲಿ ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. "ಎರಡು ತಿಂಗಳು ಬರುತ್ತೆ ಅಂದ್ರಲ್ಲ? ಅರ್ಧ ತುಂಬಿದ್ದು ಕೊಟ್ರಾ?"

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ. "ಬಟಾಣಿ ಕಾಳಿನಷ್ಟೇ ತಗೊಂಡ್ರಾ?"

"ಅಷ್ಟೇ! ದಿನಕ್ಕೆ ಎರಡೇ ಸಲ!"

"ಹಾಗಾದ್ರೆ ಬೇರೆ ಯಾರೋ ಬಳಸ್ತಿದಾರೆ."

"ಯಾರೂ ಇಲ್ಲ ಅಂದೆನಲ್ಲ!"

ಅವನು ಹೊಸ ಬಾಟಲಿ ತೆಗೆದು, ಒಳಗಿನ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಒಂದು ಗೆರೆ ಎಳೆದ. "ದಿನಾ ಸಂಜೆ ತಗೊಂಡು ಬನ್ನಿ. ನೋಡೇ ಬಿಡೋಣ."

ಹೀಗೆ ಶುರುವಾಯಿತು ಗೆರೆಯ ಲೆಕ್ಕ. ಲ್ಯಾಬಿನಿಂದ ಹಿಂತಿರುಗುವಾಗ ಅವಳು ಅಂಗಡಿಗೆ ಬರುವುದು, ಅವನು ಬಾಟಲಿ ಎತ್ತಿ ಹಿಡಿದು ಹುಬ್ಬು ಗಂಟಿಕ್ಕುವುದು, ಇನ್ನೊಂದು ಗೆರೆ ಎಳೆಯುವುದು.

"ಬನ್ನಿ, ಹಲ್ಲಿನ ಮೇಡಂ. ಇವತ್ತು ಎಷ್ಟು ಬಾಯಿ ತುಂಬಿಸಿದ್ರಿ?"

"ಮೂರು, ಗೆರೆ ಮೇಷ್ಟ್ರೇ. ನೀವು ಎಷ್ಟು ಜನಕ್ಕೆ ಸ್ಕ್ರಬ್ ಕೊಡಲ್ಲ ಅಂತ ಜಗಳ ಆಡಿದ್ರಿ?"

ಮಾಸ್ಕಿನ ಹಿಂದೆ ತಾನು ನಗುತ್ತಿದ್ದೇನೆ ಎಂದು ಅವಳಿಗೆ ತಡವಾಗಿ ಗೊತ್ತಾಗುತ್ತಿತ್ತು. ಮಧ್ಯಾಹ್ನದಿಂದಲೇ ಕಣ್ಣು ಗಡಿಯಾರದ ಕಡೆ ಓಡುತ್ತಿತ್ತು. 'ಇದೇನು ಹುಚ್ಚು ನನಗೆ...'

ಆದರೆ ಗೆರೆ ಸುಳ್ಳು ಹೇಳಲಿಲ್ಲ. ಸಂಜೆ ಇದ್ದ ಮಟ್ಟಕ್ಕಿಂತ ಬೆಳಿಗ್ಗೆಯ ಮಟ್ಟ ಪ್ರತಿದಿನ ಒಂದು ಬೆರಳು ಕೆಳಗಿರುತ್ತಿತ್ತು.

ಒಂದು ದಿನ ಅವಳು ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೀಲಿಯನ್ನು ಕೈಚೀಲದ ಒಳಜೇಬಿಗೆ ಸೇರಿಸಿದಳು.

ಬೆಳಿಗ್ಗೆ ಎದ್ದು ನೋಡಿದರೆ... ಬಾಟಲಿ ಬಚ್ಚಲ ಬೇಸಿನ್ನಿನ ಮೇಲಿತ್ತು! ಮುಚ್ಚಳ ನೀಟಾಗಿ ಮುಚ್ಚಿತ್ತು. ಬೀರುವಿನ ಬೀಗ ಹಾಕಿದ ಹಾಗೇ ಇತ್ತು. ಕೀಲಿ ಒಳಜೇಬಿನಲ್ಲೇ ಇತ್ತು.

ಅವಳು ಬಾಗಿಲಿಗೆ ಓಡಿ ಚಿಲಕ ಮುಟ್ಟಿ ನೋಡಿದಳು.

"ಬಾಗಿಲು?" ಆ ಸಂಜೆ ಅವನು ಮೆಲ್ಲಗೆ ಕೇಳಿದ.

"ಒಳಗಿಂದ ಚಿಲಕ ಹಾಕಿತ್ತು."

"ಕಿಟಕಿ?"

"ಸರಳಿದೆ."

ಅವನ ಮುಖ ಬಿಳಿಚಿಕೊಂಡಿತು. ಅವಳ ಗೀರುಗಳು ಈಗ ಕಿವಿಯಿಂದ ಕತ್ತಿನವರೆಗೆ ಇಳಿದಿದ್ದವು. ಅವನು ಒಳಗೆ ಹೋಗಿ ಬಂದು ಬಾಟಲಿಯನ್ನು ಚೀಲಕ್ಕೆ ಹಾಕಿ ಕೊಟ್ಟ.

ಮನೆಗೆ ಬಂದು ಚೀಲ ಬಿಚ್ಚಿದರೆ ಒಳಗೊಂದು ಚೀಟಿ. 'ನಿಮ್ಮ ಜೊತೆ ಇರೋರು ನಿಮ್ಮನ್ನ ಹೊಡೀತಿದ್ರೆ ಹೆದರಬೇಡಿ. ಈ ನಂಬರಿಗೆ ಫೋನ್ ಮಾಡಿ, ಹೆಂಗಸರಿಗೆ ಸಹಾಯ ಮಾಡ್ತಾರೆ. ಅಥವಾ ನನಗೆ ಹೇಳಿ.'

ಅವಳು ಎರಡು ಸಲ ಓದಿದಳು. ಕಿವಿ ಬಿಸಿಯಾಯಿತು. ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ಅಲ್ಲಿದ್ದಳು.

"ಏನರ್ಥ ಇದಕ್ಕೆ? ನಾನು ಯಾರನ್ನೋ ಮನೇಲಿಟ್ಕೊಂಡು ಒಬ್ಬಳೇ ಅಂತ ನಾಟಕ ಆಡ್ತಿದೀನಾ?"

"ನಾನು ಹಾಗನ್ಲಿಲ್ಲ..."

"ಅಂದ್ರಿ! ಬರೆದು ಕೊಟ್ರಿ! ಇಷ್ಟು ದಿನ ಬಾಟಲಿ ನೋಡ್ತಿದೀರ ಅಂದ್ಕೊಂಡಿದ್ದೆ. ನನ್ನ ನಡತೆ ನೋಡ್ತಿದ್ರಿ!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟಾಗಿತ್ತು. ಬೀದಿಯ ತಿರುವಿನವರೆಗೂ ತಡೆದಿಟ್ಟ ಕಣ್ಣೀರು ಅಲ್ಲಿ ಮಾಸ್ಕಿನೊಳಗೆ ಇಳಿಯಿತು. ಉಪ್ಪು ತಗುಲಿ ಕೆನ್ನೆ ಉರಿಯಿತು.

ಅಂದಿನಿಂದ ಸುತ್ತು ಬಳಸಿ ಓಡಾಡಿದಳು. ಬೇರೆ ಅಂಗಡಿಯಲ್ಲಿ ಹರಳಿನ ಸ್ಕ್ರಬ್ಬನ್ನೇ ಕೊಂಡಳು. ಮೂರನೇ ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆಗಳಿದ್ದವು.

ಭಾನುವಾರ ಬಾಗಿಲು ಬಡಿದ ಸದ್ದು. ಕೆಳಮನೆಯ ಅಜ್ಜಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಎರಡೂ ಮನೆಯ ಬಚ್ಚಲ ಕಿಂಡಿ ಒಂದೇ ಸಂದಿಗೆ ತೆರೆಯುತ್ತಿತ್ತು. ಅಜ್ಜಿಗೋ ನಿದ್ದೆ ಕಡಿಮೆ.

"ಮಗಾ, ತಪ್ಪು ತಿಳ್ಕೋಬೇಡ. ನಿನ್ನ ಜೊತೆ ಇರೋ ಆ ಹುಡುಗಿ ಯಾರು?"

"ಯಾವ ಹುಡುಗಿ ಅಜ್ಜಿ?"

"ಬೆಳಗಿನ ಜಾವ ನಲ್ಲಿ ಬಿಟ್ಕೊಂಡು ಮುಖ ತೊಳೀತಾಳಲ್ಲ, ಅವಳು. ಒಂದು ಗಂಟೆ ತೊಳೀತಾಳೆ. ನಡುನಡುವೆ ನಿಲ್ಲಿಸಿ ಯಾರನ್ನೋ ಕೇಳ್ತಾಳೆ, 'ಈಗ ಸರಿಯಾಯ್ತಾ ಅಮ್ಮಾ?' ಅಂತ. ಯಾರೂ ಮಾತಾಡಲ್ಲ. ಮತ್ತೆ ನಲ್ಲಿ ತಿರುಗಿಸ್ತಾಳೆ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೇಳೋಕಾಗಲ್ಲ ಮಗಾ. ಸಾಕು ಅಂತ ಹೇಳಬಾರದಾ ಅವಳಿಗೆ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಆ ಮಾತು... ಆ ಮಾತು ಅವಳದೇ!

ಮೂರು ವರ್ಷದ ಹಿಂದೆ ಮದುವೆ ಮಾತು ಮುಗಿಯುವ ಹಂತದಲ್ಲಿದ್ದಾಗ, ಹುಡುಗನ ತಾಯಿ ಮನೆಗೆ ಬಂದಿದ್ದರು. ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಎಷ್ಟು ಬಳ್ಕೊಂಡಿದೀಯಮ್ಮಾ... ತೊಳ್ಕೊಂಡು ಬಾ, ಇದ್ದದ್ದು ಇದ್ದ ಹಾಗೆ ನೋಡೋಣ" ಎಂದಿದ್ದರು. ಅವಳು ತೊಳೆದು ಬಂದಳು. "ಇನ್ನೊಂದ್ಸಲ," ಎಂದರು. ಮತ್ತೆ ತೊಳೆದಳು. ಮೂರನೇ ಸಲ ಬಚ್ಚಲ ಬಾಗಿಲಲ್ಲೇ ನಿಂತು ನೋಡಿದರು. ನೀರು ತೊಟ್ಟಿಕ್ಕುವ ಮುಖವೆತ್ತಿ ಅವಳು ಕೇಳಿದ್ದಳು, "ಈಗ ಸರಿಯಾಯ್ತಾ ಅಮ್ಮಾ?"

ಅವರು ಉತ್ತರ ಕೊಡದೆ ಹೊರಟು ಹೋಗಿದ್ದರು. ಮದುವೆ ಅಲ್ಲಿಗೇ ಮುರಿದಿತ್ತು.

ಅವಳು ತನ್ನ ಕೈ ನೋಡಿಕೊಂಡಳು. ಉಗುರುಗಳ ಒಳಗೆ ಒಣಗಿದ ರಕ್ತ. ಬೀಗ ತೆಗೆದು ಮತ್ತೆ ಹಾಕಿದ್ದು ಇದೇ ಬೆರಳು. ಕೀಲಿಯನ್ನು ಜೇಬಿಗೆ ಸೇರಿಸಿದ್ದೂ ಇದೇ ಬೆರಳು. ಕತ್ತಲಲ್ಲಿ ಎದ್ದು, ಅಲ್ಲಿ ಇಲ್ಲದ ಹೆಂಗಸಿನ ಮುಂದೆ ನಿಂತು...

"ಅಜ್ಜಿ," ಅವಳು ಉಗುರು ತೋರಿಸಿದಳು, "ಆ ಹುಡುಗಿ ನಾನೇ."

ಅಜ್ಜಿ ಒಂದು ಕ್ಷಣ ಹಿಂದೆ ಸರಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಅವಳನ್ನು ಅಪ್ಪಿಕೊಂಡರು.

ಅವಳು ಹೋದಾಗ ಔಷಧಿ ಅಂಗಡಿಯ ಷಟರ್ ಅರ್ಧ ತೆರೆದಿತ್ತು. ಅವನು ಪೆಟ್ಟಿಗೆಯಿಂದ ಔಷಧಿ ತೆಗೆದು ಜೋಡಿಸುತ್ತಿದ್ದ. ಅವಳು ಬಗ್ಗಿ ಒಳಗೆ ಬಂದು ಕೌಂಟರಿನ ಮುಂದೆ ನಿಂತಳು. ಕಿವಿಯ ದಾರ ಬಿಡಿಸಿ ಮಾಸ್ಕ್ ತೆಗೆದಳು.

ಕೆಂಪು ಕೆನ್ನೆ, ಬಾತ ಮೊಡವೆಗಳು, ಗೀರಿನ ಮೇಲೆ ಗೀರು... ಎಲ್ಲವೂ ಬೆಳಗಿನ ಬೆಳಕಿನಲ್ಲಿ.

"ನೀವು ಹೇಳಿದ್ದು ನಿಜ," ಎಂದಳು. "ಮನೇಲಿ ನನ್ನನ್ನ ಹಿಂಸೆ ಮಾಡೋರು ಒಬ್ಬರಿದಾರೆ. ಅದು ನಾನೇ. ನಿದ್ದೆಯಲ್ಲಿ."

ಎಲ್ಲವನ್ನೂ ಹೇಳಿದಳು. ಅವಳು ಮುಗಿಸಿದಾಗ ಅವನ ಕೈಯಲ್ಲಿದ್ದ ಔಷಧಿ ಡಬ್ಬಿ ನಜ್ಜುಗುಜ್ಜಾಗಿತ್ತು.

"ಹೇಸಿಗೆ ಅನಿಸ್ತಿದೆಯಾ?"

"ಕೋಪ ಬರ್ತಿದೆ. ಆ ಹೆಂಗಸಿನ ಮೇಲೆ. ನನ್ನ ಮೇಲೂ." ಅವನು ತಲೆ ತಗ್ಗಿಸಿದ. "ಆ ಚೀಟಿ ಅನುಮಾನದಿಂದ ಬರೆದದ್ದಲ್ಲ ರೀ. ನಿಮಗೇನಾದ್ರೂ ಆದ್ರೆ ಅನ್ನೋ ಭಯ. ಈ ಐದು ದಿನ ಸಂಜೆ ಆದ್ರೆ ಸಾಕು, ಪೆನ್ ತೆಗೆದಿಟ್ಕೊಂಡು ಬೀದಿ ನೋಡ್ತಿದ್ದೆ."

ಅವಳು ಮಾಸ್ಕನ್ನು ಮಡಿಸಿ ಕೈಚೀಲಕ್ಕೆ ಹಾಕಿದಳು.

"ಮೊದಲು ಡಾಕ್ಟರ ಹತ್ರ ಹೋಗೋಣ," ಎಂದ. "ಚರ್ಮಕ್ಕೆ ಒಬ್ಬರು, ನಿದ್ದೆಗೆ ಒಬ್ಬರು. ಮುಖ ತೊಳೆಯೋದಕ್ಕೆ ಆ ಪಾಪದ ಬಾಟಲಿ ಸಾಕು. ನಿದ್ದೆಗೆ ನನ್ನ ಅಂಗಡೀಲಿ ಏನೂ ಇಲ್ಲ."

ಒಂದೇ ವಾರದಲ್ಲಿ ಎಲ್ಲ ಸರಿಯಾಯಿತು ಎಂದರೆ ಸುಳ್ಳಾಗುತ್ತದೆ. ಅಜ್ಜಿ ತಮ್ಮ ಹಾಸಿಗೆಯನ್ನೇ ಮೇಲೆ ತಂದು ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡರು. ನಿದ್ದೆಯ ಡಾಕ್ಟರು ಅವಳಿಂದ ಆ ಮೂರು ವರ್ಷದ ಮಾತನ್ನೆಲ್ಲ ಸ್ವಲ್ಪಸ್ವಲ್ಪವಾಗಿ ಆಡಿಸಿದರು. ಕೆನ್ನೆಯ ಉರಿ ಮೊದಲು ಇಳಿಯಿತು, ಗೀರು ಆಮೇಲೆ ಮಾಯಿತು, ಮೊಡವೆ ಮಾತ್ರ ತನಗೆ ತೋಚಿದಾಗ ಬಂದು ತೋಚಿದಾಗ ಹೋಗುತ್ತಿತ್ತು. ಎರಡು ತಿಂಗಳಲ್ಲಿ ಅವಳು ಎದ್ದು ಹೋದದ್ದು ನಾಲ್ಕೇ ಸಲ. ಆದರೂ ಒಮ್ಮೊಮ್ಮೆ ನಡುಮಧ್ಯಾಹ್ನ, ಲ್ಯಾಬಿನ ನಲ್ಲಿ ತೊಟ್ಟಿಕ್ಕಿದರೆ, ಬಾಗಿಲಲ್ಲಿ ಯಾರೋ ನಿಂತ ಹಾಗಾಗಿ ಅವಳ ಬೆನ್ನು ತಣ್ಣಗಾಗುತ್ತಿತ್ತು.

ಒಂದು ಸಂಜೆ ಅವಳನ್ನು ಮನೆಯವರೆಗೆ ಬಿಡಲು ಬಂದವನು ಮೆಟ್ಟಿಲ ಬುಡದಲ್ಲಿ ನಿಂತ. ಏನೋ ಹೇಳಲು ಹೊರಟು ಮೂರು ಸಲ ಗಂಟಲು ಸರಿಮಾಡಿಕೊಂಡ.

"ಕೆಮ್ಮಾ?" ಅವಳು ಕೇಳಿದಳು. "ಔಷಧಿ ಬೇಕಾ?"

"ನೀವು ಬೇಕು." ಹೇಳಿಬಿಟ್ಟು ಅವನೇ ಬೆಚ್ಚಿದ. "ಅಂದ್ರೆ... ಮದುವೆ. ನಿಮಗೆ ಒಪ್ಪಿಗೆ ಇದ್ರೆ."

ಮೇಲೆ ಅಜ್ಜಿ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು.

"ಡಾಕ್ಟರು ಹೇಳಿದಾರೆ, ಯಾವತ್ತಾದ್ರೂ ಮತ್ತೆ ಬರಬಹುದು ಅಂತ," ಎಂದಳು. "ಕತ್ತಲಲ್ಲಿ ಎದ್ದು, ಕಣ್ಣು ತೆರ್ಕೊಂಡು, ಇಲ್ಲದೋರ ಜೊತೆ ಮಾತಾಡೋಳ ಪಕ್ಕ ಮಲಗ್ತೀರಾ? ಹೆದರಿಕೆ ಆಗಲ್ವಾ?"

"ಆಗುತ್ತೆ," ಎಂದ ಅವನು. "ತುಂಬಾ ಆಗುತ್ತೆ."

"ಮತ್ತೆ?"

"ಹೆದರ್ಕೊಂಡೇ ಎದ್ದು ಬರ್ತೀನಿ. ನಿಮ್ಮ ಪಕ್ಕದಲ್ಲೇ ನಿಂತ್ಕೋತೀನಿ. ಆ ಹೊತ್ತಲ್ಲಿ ನೀವು ಒಬ್ಬರೇ ಇರೋದು ಬೇಡ."

ಅವಳು ಕೈ ಚಾಚಿದಳು. ಅವನ ಅಂಗೈ ನಿಜವಾಗಿಯೂ ತಣ್ಣಗಿತ್ತು.

"ಇಷ್ಟೊಂದು ಹೆದರಿಕೆನಾ?"

"ಇದು ಅದಕ್ಕಲ್ಲ," ಎಂದ. "ನೀವಿನ್ನೂ ಹೂಂ ಅಂದಿಲ್ಲ."

"ಹೂಂ," ಎಂದಳು ಅವಳು.