ಐದನೇ ಟ್ಯೂಬಿನ ಓರೆ ಮಂಜು

"ನಾನು ಕೆಡಿಸಿಲ್ಲ ಕಣ್ರೀ ಸದಾಶಿವಯ್ಯ! ಸಂಜೆಯೊಳಗೆ ಕೆಲಸ ಬಿಟ್ಟು ಹೋಗು ಅಂದ್ಬುಟ್ರು!"

ಲ್ಯಾಬಿನ ಸಹಾಯಕಿ ಶಿವನಂಜಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ಟೈಪಿಸ್ಟ್ ಸುಂದರೇಶನ ಕೈಯಲ್ಲಿದ್ದ ವಡೆ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ೧೯೬೬ರ ಆ ಬೆಳಿಗ್ಗೆ ಅವನು ಎಂದಿನಂತೆ ಗಾಜು ಊದಿ ಟ್ಯೂಬು ಮಾಡುವ ಸದಾಶಿವಯ್ಯನವರ ಕೋಣೆಯಲ್ಲಿ ಕೂತಿದ್ದ. ಮೇಟಗಳ್ಳಿಯ ರೇಷ್ಮೆ ಪ್ರಯೋಗಾಲಯದ ಹಿತ್ತಲಲ್ಲೇ ಅವರ ವಾಸ. ಊದುವುದು ಗಾಜಾದರೂ ಅವರು ಬಿಡಿಸಿದ ಗುಟ್ಟುಗಳಿಗೆ ಲೆಕ್ಕವಿಲ್ಲವೆಂದು ಸುಂದರೇಶ ಊರೆಲ್ಲ ಸಾರಿಕೊಂಡು ಬರುತ್ತಿದ್ದ.

ನಡೆದದ್ದಿಷ್ಟು. ರೋಗ ಬಡಿದ ರೇಷ್ಮೆಹುಳುಗಳ ರಕ್ತವನ್ನು ಆರು ಟ್ಯೂಬುಗಳಲ್ಲಿ ಮಂಜಿನಂತೆ ಹೆಪ್ಪುಗಟ್ಟಿಸಿ ಬೊಂಬಾಯಿಗೆ ಕಳುಹಿಸಬೇಕಿತ್ತು; ಅಲ್ಲಿ ಅದರ ನೀರಾರಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುತ್ತಿದ್ದರು. ಅಣುಗಳನ್ನೇ ತೂಗುವ ಯಂತ್ರ ಅದು. ಆರುವ ಮೊದಲೇ ರಕ್ತ ಕರಗಿ, ಗಾಳಿ ತಾಗಿ ಕಪ್ಪಗೆ ಕೆಟ್ಟರೆ ಯಂತ್ರ ಹೇಳುವುದೆಲ್ಲ ಸುಳ್ಳು. ಈಗ ಐದನೇ ಟ್ಯೂಬು ಕಪ್ಪಗಾಗಿತ್ತು. ತಯಾರಿಸಿದವಳು ಶಿವನಂಜಮ್ಮ, ಆದ್ದರಿಂದ ತಪ್ಪೂ ಅವಳದೇ ಎಂದು ಮುಖ್ಯಸ್ಥ ರುದ್ರಸ್ವಾಮಿಯವರು ತೀರ್ಮಾನಿಸಿಬಿಟ್ಟಿದ್ದರು.

ಶೀತಪೆಟ್ಟಿಗೆಯ ಬೀಗದ ಕೈ ಇದ್ದದ್ದು ಮೂವರ ಬಳಿ: ಶಿವನಂಜಮ್ಮ, ಉಗ್ರಾಣದ ನಂಜುಂಡಯ್ಯ, ಸಂಶೋಧಕ ಲಕ್ಷ್ಮೀನರಸಿಂಹ.

"ಹುಳದ ರಕ್ತ ನಾನ್ಯಾಕ್ ಮುಟ್ಲಿ ಸ್ವಾಮಿ?" ಎಂದ ನಂಜುಂಡಯ್ಯ. "ನೆನ್ನೆ ಇಲ್ಲಿ ಹಬ್ಬ ಆಗಿದ್ದು ಲಕ್ಷ್ಮೀನರಸಿಂಹಪ್ಪಾರ್ಗೆ. ಹೆಣ್ಣಿನ ಕಡೆಯೋರು ಗಂಡು ನೋಡಕ್ಕೆ ಲ್ಯಾಬಿಗೇ ಬಂದ್ಬುಟ್ಟಿದ್ರು!"

ಸದಾಶಿವಯ್ಯ ಪೆಟ್ಟಿಗೆ ತೆರೆಸಿದರು. ಮರದ ಹಲಗೆಯ ತೂತುಗಳಲ್ಲಿ ಟ್ಯೂಬುಗಳು ನೆಟ್ಟಗೆ ನಿಂತಿದ್ದವು. ಐದು ಟ್ಯೂಬುಗಳಲ್ಲಿ ರಕ್ತ ಗಾಜಿನ ಒಳಗೋಡೆಗೆ ತೆಳ್ಳಗೆ ಹತ್ತಿಕೊಂಡಿತ್ತು, ನಡುವೆ ಟೊಳ್ಳು.

"ಇದೆಂಗಮ್ಮ ಹಿಂಗೆ?"

"ಐಸು, ಉಪ್ಪು ಹಾಕಿದ ಬೋಗುಣೀಲಿ ಮಲಗಿಸಿ ಉರುಳಿಸ್ತಾನೇ ಇರ್ತೀನಿ. ದೋಸೆ ಥರ ತೆಳ್ಳಗೆ ಹರಡಿದ್ರೆ ಬೇಗ ಆರುತ್ತೆ."

ಐದನೆಯದರಲ್ಲಿ ಮಾತ್ರ ತಳದಲ್ಲೊಂದು ಗಟ್ಟಿ ಉಂಡೆ. ಅದರ ಮೇಲ್ಮೈ ಓರೆ.

ಸದಾಶಿವಯ್ಯ ನೇರವಾಗಿ ಲಕ್ಷ್ಮೀನರಸಿಂಹನ ಕೋಣೆಗೆ ನಡೆದರು. ಟ್ಯೂಬುಗಳ ರೈಲು ಪ್ರಯಾಣಕ್ಕೆಂದು ಬೆಂಗಳೂರಿನಿಂದ ತರಿಸಿದ ಡ್ರೈ ಐಸ್, ಅಂದರೆ ಮಂಜಿಗಿಂತಲೂ ತಣ್ಣಗಿನ ಗಟ್ಟಿ ಅನಿಲ, ತುಂಬಿದ ಅಗಲಬಾಯಿಯ ಫ್ಲಾಸ್ಕು ಮೇಜಿನ ಮೇಲಿತ್ತು. ಅವರು ಅದರಲ್ಲೊಂದು ಖಾಲಿ ಟ್ಯೂಬು ಇಳಿಬಿಟ್ಟರು. ಅದು ಪಕ್ಕಕ್ಕೆ ವಾಲಿ ನಿಂತಿತು. ಸುಂದರೇಶನಿಗೆ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಎಲ್ಲರೂ ಪೆಟ್ಟಿಗೆಯ ಸುತ್ತ ಸೇರಿದರು. ಸದಾಶಿವಯ್ಯ ಬಾಗಿಲು ತೆರೆದು ತೋರಿಸಿದರು.

"ನೋಡಿ ಸಾರ್. ಈಯಮ್ಮ ಉರುಳಿಸಿದ್ದು ಗೋಡೆಗೆ ಹತ್ತಿರುತ್ತೆ. ಐದನೇದು ತಳದಲ್ಲಿ ಉಂಡೆ ಆಗೈತೆ ಅಂದ್ರೆ ಒಮ್ಮೆ ಕರಗಿ, ಮತ್ತೆ ಗಟ್ಟಿಯಾಗಿದೆ."

"ಕರೆಂಟ್ ಹೋಗಿರಬಹುದಲ್ರೀ?" ಎಂದರು ರುದ್ರಸ್ವಾಮಿ.

"ಹೋಗಿದ್ರೆ ಆರೂ ಕರಗ್ತಿದ್ವು. ಇದೊಂದನ್ನೇ ಯಾರೋ ಹೊರಗೆ ತೆಗೆದವ್ರೆ. ಈಯಮ್ಮ ಆಗಿದ್ರೆ ಮತ್ತೆ ಉರುಳಿಸ್ತಿದ್ರು, ನಂಜುಂಡಯ್ಯ ತೆಗೆದಿದ್ರೆ ಇಲ್ಲೇ ವಾಪಸ್ ಇಡ್ತಿದ್ದ. ಇಲ್ಲಿ ಟ್ಯೂಬು ನೆಟ್ಟಗೆ ನಿಲ್ಲುತ್ತೆ, ಮಂಜು ಸಮವಾಗಿರ್ತಿತ್ತು. ಇದು ಓರೆ. ವಾಲಿಕೊಂಡು ಹೆಪ್ಪುಗಟ್ಟೋ ಜಾಗ ಇಲ್ಲಿ ಒಂದೇ, ಆ ಫ್ಲಾಸ್ಕು. ಅದು ಯಾರ ಕೋಣೇಲಿದೆ, ಅವರೇ ಹೇಳಲಿ."

ಲಕ್ಷ್ಮೀನರಸಿಂಹ ತಲೆ ತಗ್ಗಿಸಿ ಮುಂದೆ ಬಂದ.

"ತೋರ್ಸೋಣ ಅಂತ ತೆಗೆದೆ ಸಾರ್. ಮಾವ ಆಗೋರು ಅಂಗೈಲಿ ಹಿಡ್ಕೊಂಡು ಅರ್ಧ ಗಂಟೆ ಅವರ ವಂಶದ ಕತೆ ಹೇಳಿದ್ರು. ಬಿರಡೆ ತೆಗೆದು ಮೂಸಿನೂ ನೋಡಿದ್ರು. ಕೊಡಿ ಅಂತ ಹೆಂಗ್ ಕಿತ್ಕೊಳ್ಳೋದು? ಕರಗಿದ ಮೇಲೆ ಗಾಬರಿಲಿ ಫ್ಲಾಸ್ಕಿಗೆ ಹಾಕ್ದೆ, ಗಟ್ಟಿಯಾದ್ಮೇಲೆ ಇಲ್ಲಿ ತಂದಿಟ್ಟೆ."

"ಸಂಬಂಧ ಕುದುರ್ತಾ?" ಎಂದ ನಂಜುಂಡಯ್ಯ.

ಯಾರೂ ನಗಲಿಲ್ಲ. ರುದ್ರಸ್ವಾಮಿ ಜೇಬಿನಿಂದ ವಜಾ ಆದೇಶ ತೆಗೆದು ಹರಿದರು. ಆ ಗಳಿಗೆಯಲ್ಲಿ ಸುಂದರೇಶನಿಗೆ ಸದಾಶಿವಯ್ಯನವರ ಕಾಲಿಗೆ ಬೀಳುವಷ್ಟು ಭಕ್ತಿ ಬಂತು.

"ಶಿವನಂಜಮ್ಮ, ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ನಿಮ್ಮಂಥ ಕೈ ಈ ಲ್ಯಾಬಿಗೆ..." ಎಂದು ರುದ್ರಸ್ವಾಮಿ ಶುರುಮಾಡಿದರು.

"ಅದೆಲ್ಲ ಆಮೇಲೆ ಸಾರ್!" ಶಿವನಂಜಮ್ಮ ಎಲ್ಲರನ್ನೂ ತಳ್ಳಿಕೊಂಡು ನುಗ್ಗಿದಳು. "ಮೊದ್ಲು ಬಾಗಿಲು ಮುಚ್ಚಿ, ಮಿಕ್ಕಿದ್ ಐದೂ ಕರಗೋಯ್ತವೆ!"