ಆಮೆ ಬರುವ ಹೊತ್ತು

ಅವನು ತೀರಿಕೊಂಡ ಸುದ್ದಿ ರಕ್ತಪರೀಕ್ಷೆಯ ಲ್ಯಾಬಿಗೆ ಬಂದದ್ದು ಒಂದು ಹಳೆಯ ಕೀಬೋರ್ಡಿನ ಜೊತೆಯಲ್ಲಿ.

"ಇದು ನಿಮ್ಮ ಲ್ಯಾಬಿಂದಂತೆ. ನನ್ನ ತಮ್ಮ ರಿಪೇರಿಗೆ ತಂದಿದ್ದ," ಎಂದು ಒಬ್ಬ ಹೆಂಗಸು ಅದನ್ನು ಕೌಂಟರಿನ ಮೇಲಿಟ್ಟಳು.

ರಿಪೋರ್ಟು ಕೊಡುವ ಹುಡುಗಿ ತಲೆ ಎತ್ತಲಿಲ್ಲ. ಅವಳ ಬೆರಳು ಓಡುತ್ತಲೇ ಇತ್ತು.

"ಆಮೆರಾಯರು ಈಗ ಅಕ್ಕನ ಕೈಲಿ ಕಳಿಸ್ತಾರಾ? ತಾವೇ ಬರೋಕೆ ಏನಾಗಿತ್ತು?"

"ಮೊನ್ನೆ ಹೋಗ್ಬಿಟ್ಟ ಕಣಮ್ಮ. ಎದೆನೋವು ಅಂದ. ಆಸ್ಪತ್ರೆ ಬಾಗಿಲು ಮುಟ್ಟೋದರೊಳಗೆ..."

ಹುಡುಗಿಯ ಎರಡೂ ಕೈ ಮಡಿಲಿಗೆ ಬಿದ್ದವು.

ಲ್ಯಾಬಿನ ಸಾಫ್ಟ್‌ವೇರ್ ಬರೆದವನು ಅವನೇ. ಮೊದಲ ಸಲ ಬಂದಾಗ ಅವಳು ಸಿಡುಕಿದ್ದಳು. "ಒಂದು ಪುಟ ತೆರೆಯೋಕೆ ಇಷ್ಟು ಹೊತ್ತಾ?"

ಅವನು ಅವಳ ಬ್ರೌಸರ್ ನೋಡಿ ನಿಧಾನವಾಗಿ ಹೇಳಿದ್ದ. "ಇಷ್ಟೊಂದು ಟ್ಯಾಬ್ ತೆರೆದಿಟ್ಟರೆ ಅದು ಉಸಿರಾಡೋದು ಹೇಗೆ? ಬೇಡದ್ದು ಮುಚ್ಚಿ. ಬಳಸದ ಎಕ್ಸ್‌ಟೆನ್ಶನ್ ತೆಗೀರಿ. ಆಗಾಗ ಬ್ರೌಸರ್ ಕೂಡಿಟ್ಟ ಹಳೇ ಕ್ಯಾಶ್ ಅಳಿಸಿ..."

"ನೀವು ಹೇಳಿ ಮುಗಿಸೋದರೊಳಗೆ ರೋಗಿಗೇ ವಾಸಿ ಆಗಿರುತ್ತೆ."

ಅವನು ನಕ್ಕಿದ್ದ. ಅಂದಿನಿಂದ ಅವನು ಆಮೆರಾಯ, ಅವಳು ಬಿರುಗಾಳಿ.

ಬರಬರುತ್ತಾ ಅವಳ ಕಿವಿ ಅವನ ಹೆಜ್ಜೆಗೆ ಕಾಯತೊಡಗಿತು. ಅವನೋ ಬಂದ, ಕೆಲಸ ಮುಗಿಸಿದ, ಹೋದ. ಬಾಯಿ ಬಿಡಲಿಲ್ಲ. ಒಂದು ದಿನ ಪರದೆಯ ಪುಟ ಮತ್ತೆ ತೆರೆಯದೆ ನಿಂತಿತು. ಜನರೆಲ್ಲ ಸಾಲಿನಲ್ಲಿರುವಾಗಲೇ ಅವಳ ನೋವು ಸಿಟ್ಟಾಗಿ ಹೊರಬಿತ್ತು.

"ಬೇಕಂತಲೇ ನಿಧಾನ ಮಾಡಿಡ್ತೀರಿ. ಪದೇಪದೇ ಬಂದು ದುಡ್ಡು ಕೇಳೋಕೆ ನೆಪ ಬೇಕಲ್ಲ."

ಅವನ ಮುಖ ಕಪ್ಪಿಟ್ಟಿತು. "ಒಂದು ದಿನ ಕೈ ಕಟ್ಟಿ ಸುಮ್ಮನೆ ಕೂತು ನೋಡಿ. ಗೊತ್ತಾಗುತ್ತೆ," ಎಂದಷ್ಟೇ ಹೇಳಿ ಹೋದ.

ತಪ್ಪೆಲ್ಲ ನನ್ನ ಅವಸರದ್ದು ಅಂತ ಹಂಗಿಸಿದ... ಎಂದುಕೊಂಡಳು ಅವಳು. ಮತ್ತೆ ಅವನು ಬರಲಿಲ್ಲ. ಅವಳು ಕರೆಯಲಿಲ್ಲ.

"ಬಿರುಗಾಳಿ ಅಂದ್ರೆ ನೀನೇ ಅಲ್ವಾ?" ಕೌಂಟರಿನಾಚೆ ಅಕ್ಕನ ದನಿ ಗಡುಸಾಯಿತು. "ನಿನ್ನ ಮಾತು ಕೇಳಿ ಬಂದ ದಿನ ಅನ್ನ ಮುಟ್ಟಲಿಲ್ಲ ನನ್ನ ತಮ್ಮ."

ಹುಡುಗಿಯ ಕೈಗಳು ಇನ್ನೂ ಮಡಿಲಲ್ಲೇ ಇದ್ದವು. ಎದುರಿನ ಕೀಬೋರ್ಡು ಮುಟ್ಟಿ ಎಷ್ಟೋ ಹೊತ್ತಾಗಿತ್ತು.

ಆಗ ಪರದೆಯ ಎಡತುದಿಯಿಂದ ಏನೋ ಹೊರಟಿತು.

ಒಂದು ಪುಟ್ಟ ಆಮೆ.

ರಿಪೋರ್ಟಿನ ಅಂಕಿಗಳ ಮೇಲೆ ಕಾಲೆಳೆಯುತ್ತಾ ನಡುವಿಗೆ ಬಂದು ನಿಂತಿತು. ಅದರ ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು.

'ಬಿರುಗಾಳಿ ನಿಂತಿತೇ? ನಿಮ್ಮ ಎದುರು ಬಾಯಿ ಏಳಲ್ಲ. ಅದಕ್ಕೇ ಇಲ್ಲಿ ಬಚ್ಚಿಟ್ಟೆ. ನನ್ನನ್ನು ಮದುವೆ ಆಗ್ತೀರಾ?'

ಪಕ್ಕದಲ್ಲಿ ಒತ್ತಲು ಎರಡು ಗುಂಡಿ. 'ಹೌದು.' 'ಇನ್ನೂ ಸ್ವಲ್ಪ ಹೊತ್ತು ಬೇಕು.'

ಅಯ್ಯೋ ದೇವರೇ, ಇಷ್ಟು ದಿನ ಇದು ನನ್ನ ಕೈಕೆಳಗೇ ಇತ್ತು... ನಾನು ಒಂದು ಗಳಿಗೆ ಕೈ ಕಟ್ಟಿ ಕೂರಲಿಲ್ಲವಲ್ಲ.

ಅವಳು 'ಹೌದು' ಒತ್ತಿದಳು.

ಆಮೆ ನಾಚಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. 'ಹಾಗಾದ್ರೆ ಬರ್ತಿದ್ದೀನಿ. ತಡ ಆಗಬಹುದು. ಬೈಬೇಡಿ.'

ಅಕ್ಕ ಕೌಂಟರಿನ ಮೇಲಿಂದ ಬಗ್ಗಿ ಅದನ್ನೆಲ್ಲ ಓದಿದಳು. ದನಿಯ ಗಡುಸು ಕರಗಿತ್ತು.

"ಬೈಯಮ್ಮ... ಚೆನ್ನಾಗಿ ಬೈ. ಬೈಸಿಕೊಳ್ಳೋಕಾದರೂ ಬರಲಿ."

"ಇನ್ನು ಬೈಯಲ್ಲ ಅಕ್ಕ. ಕಾಯ್ತೀನಿ."

ಅಕ್ಕ ಅವಳ ಕೈ ಹಿಡಿದುಕೊಂಡಳು. ಆಮೆ ಬಂದ ದಾರಿಯಲ್ಲೇ ತಿರುಗಿ ನಡೆಯಿತು. ಹುಡುಗಿ ಕಣ್ಣು ಮುಚ್ಚಿದಳು.

ದೇವರೇ, ಅವರ ನಡಿಗೆ ನಿಧಾನ. ನಿನ್ನ ಕಡೆಗಿನ ದಾರಿಯಲ್ಲಾದರೂ ಯಾರೂ ಅವರನ್ನು ಅವಸರಪಡಿಸದಿರಲಿ. ಆ ಜೀವಕ್ಕೆ ಶಾಂತಿ ಕೊಡು.